ಮಾವನಿಗೆ ಹೋದ ಫೋನು

ನನ್ನ ಮಗ ಪಿಯುಸಿ ಮೊದಲ ವರ್ಷದಲ್ಲಿದ್ದಾಗ ಬೈಕಿನಿಂದ ಬಿದ್ದು ಭುಜದ ಮೂಳೆ ಮುರಿದುಕೊಂಡ. ನಂದಿ ಬೆಟ್ಟದ ಬುಡದ ರಸ್ತೆ, ಭಾನುವಾರದ ಬೆಳಗಿನ ಜಾವ, ವ್ಹೀಲಿ ಮಾಡಲು ಹೋಗಿ. ಬಿದ್ದವನು ಫೋನ್ ಮಾಡಿದ್ದು ಶಿಡ್ಲಘಟ್ಟದಲ್ಲಿದ್ದ ನನಗಲ್ಲ, ಚಿಂತಾಮಣಿಯಲ್ಲಿ ಟೊಮೆಟೊ ಮಂಡಿ ಇಟ್ಟಿರುವ ಸೋದರಮಾವನಿಗೆ. ಮಾವನ ಗಾಡಿ ನಮ್ಮೂರ ಮೇಲೆಯೇ ಹಾದು ಚಿಕ್ಕಬಳ್ಳಾಪುರದ ಕಡೆ ಹೋಯಿತು. ಅಷ್ಟು ಹೊತ್ತೂ ಹುಡುಗ ರಸ್ತೆ ಬದಿಯಲ್ಲಿ ನೋವು ನುಂಗಿಕೊಂಡು ಕೂತಿದ್ದ. “ಅಪ್ಪನಿಗೆ ಮಾತ್ರ ಹೇಳಬೇಡಿ ಮಾವ” ಅಂದನಂತೆ.

ನಾನು ಹೈಸ್ಕೂಲು ಮೇಷ್ಟ್ರು. ಬೈಕಿನ ಕೀಲಿ ಕೊಟ್ಟವನೂ ನಾನೇ. ನಮಗೆ ಹಿಪ್ಪುನೇರಳೆ ತೋಟವಿದೆ. ರೇಷ್ಮೆ ಹುಳು ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದ ಮೇಲೆ ಎಷ್ಟು ಸೊಪ್ಪು ಹಾಕಿದರೂ ಸಾಲದು, ಎಷ್ಟು ಕೈಗಳಿದ್ದರೂ ಸಾಲವು. ಹುಡುಗ ತೋಟಕ್ಕೂ ಗೂಡಿನ ಮಾರುಕಟ್ಟೆಗೂ ಓಡಾಡಿದರೆ ನನಗೆ ಹಗುರವಾಗುತ್ತಿತ್ತು. ಕಾನೂನು ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 199ಎ ಕಲಮಿನ ಪ್ರಕಾರ ಅಪ್ರಾಪ್ತ ವಯಸ್ಸಿನವರು ಅಪರಾಧ ಮಾಡಿದರೆ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು. ಗಾಡಿಯ ನೋಂದಣಿ 12 ತಿಂಗಳು ರದ್ದು, ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. ಪೋಷಕರ ಸಭೆಯಲ್ಲಿ ಇದನ್ನು ಓದಿ ಹೇಳಿದವನು ನಾನೇ.

ಆದರೆ ಕೀಲಿಗಿಂತ ದೊಡ್ಡ ತಪ್ಪು ಅದಕ್ಕೂ ಮೊದಲೇ ಆಗಿತ್ತು. ವಿಜ್ಞಾನ ಅವನು ಕೇಳಿದ್ದಲ್ಲ, ನಾನು ಕೊಡಿಸಿದ್ದು. ಒಂದು ರಾತ್ರಿ ಊಟಕ್ಕೆ ಕೂತಾಗ “ಅಪ್ಪಾ, ಫಿಸಿಕ್ಸ್ ತಲೆಗೆ ಹತ್ತುತ್ತಿಲ್ಲ, ನನ್ನ ಕೈಲಿ ಆಗಲ್ಲ” ಅಂದ. ಕಣ್ಣು ತುಂಬಿತ್ತು. “ಗಂಡು ಹುಡುಗ, ಇಷ್ಟಕ್ಕೇ ಅಳೋದಾ?” ಎಂದು ಅವನಕ್ಕನ ಅಂಕಗಳನ್ನು ಎತ್ತಿ ಆಡಿದೆ. ಅವನು ತಟ್ಟೆ ತೊಳೆದಿಟ್ಟು ಎದ್ದುಹೋದ. ಆಮೇಲೆ ನನ್ನ ಹತ್ತಿರ ಏನನ್ನೂ ಹೇಳಲಿಲ್ಲ. ಗೌರಿಬಿದನೂರಿನಿಂದ ಬಂದು ಹಾಸ್ಟೆಲಿನಲ್ಲಿದ್ದ ಹುಡುಗನೊಬ್ಬನ ಗುಂಪು ಅವನನ್ನು ಸೇರಿಸಿಕೊಂಡಿತು. ಅಲ್ಲಿ ಯಾರೂ ಅಂಕ ಕೇಳುತ್ತಿರಲಿಲ್ಲ. ಆ ಹುಡುಗರನ್ನು ನಾನು ಬಹಳ ದಿನ ಬೈದೆ. ಬೈಯಬಾರದಿತ್ತು, ನಾನು ಮುಚ್ಚಿದ ಬಾಗಿಲನ್ನು ಅವರು ತೆರೆದಿದ್ದರು.

ಒಬ್ಬನೇ ಇದ್ದಾಗ ನನ್ನ ಮಗ ಎಂದೂ ಜೋರಾಗಿ ಬೈಕು ಓಡಿಸಿದವನಲ್ಲ. 2005ರಲ್ಲಿ ಅಮೆರಿಕದ ಮಾರ್ಗೊ ಗಾರ್ಡನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ ಪ್ರಕಟಿಸಿದ ಅಧ್ಯಯನವನ್ನು ಆಮೇಲೆ ಓದಿದೆ. ಕಂಪ್ಯೂಟರಿನ ಆಟದಲ್ಲಿ ಹಳದಿ ದೀಪ ಹತ್ತಿದ ಮೇಲೂ ಯಾರು ಎಷ್ಟು ಮುಂದೆ ಕಾರು ಓಡಿಸುತ್ತಾರೆ ಎಂದು ನೋಡಿದ್ದರು. ಪಕ್ಕದಲ್ಲಿ ಗೆಳೆಯರಿದ್ದಾಗ 13ರಿಂದ 16ರ ಮಕ್ಕಳು ಒಬ್ಬರೇ ಇದ್ದಾಗಿನದಕ್ಕಿಂತ ಬಹಳ ಹೆಚ್ಚು ಅಪಾಯಕ್ಕೆ ಕೈಹಾಕಿದರು. 24 ದಾಟಿದವರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಅಂದರೆ ನನ್ನ ಉಪದೇಶವೆಲ್ಲ ಹುಡುಗ ಒಬ್ಬನೇ ಕೂತಿದ್ದಾಗ ಕೇಳಿಸಿಕೊಂಡದ್ದು. ವ್ಹೀಲಿಯ ತೀರ್ಮಾನ ಆದದ್ದು ಐದು ಜನ ಗೆಳೆಯರ ಕಣ್ಣೆದುರು.

ಆಸ್ಪತ್ರೆಯ ಜಗಲಿಯಲ್ಲಿ ಭಾಮೈದ ಹೇಳಿದ: “ಭಾವ, ಅವನು ಬಿದ್ದಿದ್ದಕ್ಕೆ ಹೆದರಿರಲಿಲ್ಲ. ನಿಮಗೆ ಹೆದರಿದ್ದ.”

ಹದಿಹರೆಯದವರಿಗೆಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್ ಇರುತ್ತದೆ ಎಂದು ಶಾಲೆಯಲ್ಲಿ ಸಾರುತ್ತಿದ್ದವನು ನಾನು. ಮಗನನ್ನು ಕರೆದೊಯ್ಯಲು ಮಾತ್ರ ನಾಚಿಕೆಯಾಗಿತ್ತು. ಕೊನೆಗೆ ಹೋದೆವು. ಎದುರು ಕೂರಿಸಿ ವಿಚಾರಿಸಬೇಡಿ, ಜೊತೆಯಲ್ಲಿ ಕೆಲಸ ಮಾಡುತ್ತಾ ಮಾತಾಡಿ ಎಂದರು ಆಪ್ತಸಮಾಲೋಚಕರು. ಹುಳುಮನೆಯಲ್ಲಿ ಸೊಪ್ಪು ಹಾಕುವಾಗ ಅವನ ಮಾತು ನಿಧಾನವಾಗಿ ಹೊರಬಂತು. ನಾನು ಒಂದು ಮಾತು ಕೊಟ್ಟೆ: ಎಲ್ಲೇ ಸಿಕ್ಕಿಹಾಕಿಕೊಳ್ಳಲಿ, ಯಾವ ಹೊತ್ತಾದರೂ ಕರೆಯಲಿ, ಬರುತ್ತೇನೆ, ಆ ರಾತ್ರಿ ಒಂದೂ ಪ್ರಶ್ನೆ ಕೇಳುವುದಿಲ್ಲ. ಅವನು ನನ್ನನ್ನು ನಂಬಲು ತಿಂಗಳುಗಳೇ ಹಿಡಿದವು. ಗೆಳೆಯ ಕುಡಿದಿದ್ದಾನೆ, ಅವನ ಗಾಡಿ ಹತ್ತಲ್ಲ ಎಂದು ಒಮ್ಮೆ ಕರೆದ. ಹೋದೆ. ದಾರಿಯುದ್ದಕ್ಕೂ ಬಾಯಿ ಕಟ್ಟಿಕೊಂಡಿರುವುದು ನನಗೆ ತುಂಬಾ ಕಷ್ಟವಾಯಿತು.

ವಿಜ್ಞಾನ ಬಿಟ್ಟು ಕಾಮರ್ಸ್ ಸೇರಿದ. ಒಂದು ವರ್ಷ ಹೋಯಿತು, ಹೋಗಲಿ.

ನನ್ನ ತರಗತಿಯ ಗೋಡೆಯ ಮೇಲೆ ಈಗ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಬರೆಸಿದ್ದೇನೆ. ಅಲ್ಲಿ ಹಗಲು ರಾತ್ರಿ ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು. ಪೋಷಕರ ಸಭೆಯಲ್ಲಿ ಅಂಕಪಟ್ಟಿಗೂ ಮೊದಲು ಅಪ್ಪಂದಿರನ್ನು ಕೇಳುತ್ತೇನೆ: ನಿಮ್ಮ ಹುಡುಗ ತಪ್ಪು ಮಾಡಿಕೊಂಡರೆ ಮೊದಲು ಯಾರಿಗೆ ಹೇಳುತ್ತಾನೆ? ಹೆಚ್ಚಿನವರು ತಮ್ಮ ಹೆಸರು ಹೇಳುವುದಿಲ್ಲ. ಹಾಗಾದರೆ ಮುಂದಿನ ಸಲ ಅವರನ್ನೂ ಕರೆತನ್ನಿ ಎನ್ನುತ್ತೇನೆ. ಈಚಿನ ಸಭೆಗೆ ಇಬ್ಬರು ಮಾವಂದಿರೂ ಒಬ್ಬ ಅಜ್ಜಿಯೂ ಬಂದಿದ್ದರು. ಅವರನ್ನು ಅಪ್ಪಂದಿರ ಪಕ್ಕದಲ್ಲೇ ಕೂರಿಸಿ ಮಾತು ಶುರು ಮಾಡಿದೆ.