ಉರ್ವದವರ ಪರವೂರ ಚಾವಡಿ

ಉರ್ವ ದೊಡ್ಡ ಊರಲ್ಲ. ಈಗ ಅದನ್ನು ಪ್ರತ್ಯೇಕವಾದ ಊರೆಂದು ಕರೆಯುವುದೂ ಕಷ್ಟವೇ. ಮಂಗಳೂರಿನ ಲೇಡಿಹಿಲ್ಲಿನಿಂದ ಪಡುವಣಕ್ಕೆ ತಿರುಗಿದರೆ ಉರ್ವದ ಮಾರುಕಟ್ಟೆ, ಆ ಆಸುಪಾಸಿನಲ್ಲೇ ಮಾರಿಯಮ್ಮನ ಗುಡಿ, ಮುಂದಕ್ಕೆ ಬೋಳೂರು, ಕೊನೆಗೆ ಗುರುಪುರ ಹೊಳೆಯ ದಂಡೆಯ ಮೇಲೆ ಟಿಪ್ಪು ಸುಲ್ತಾನನು 1784ರಲ್ಲಿ ಕಟ್ಟಿಸಿದ ಕಾವಲು ಬುರುಜಾದ ಸುಲ್ತಾನ್ ಬತ್ತೇರಿ. ಎದುರು ದಡದಲ್ಲಿ ತಣ್ಣೀರುಬಾವಿಯ ಮರಳು, ಅದರಾಚೆಗೆ ಕಡಲು. ಹೊಳೆಯೊಳಕ್ಕೆ ನುಗ್ಗುವ ಹಗೆಯ ಹಡಗುಗಳನ್ನು ತಡೆಯುವುದಕ್ಕೆಂದು ಆ ಬುರುಜು ಎದ್ದಿತಂತೆ. ಒಳಗೆ ಬರುವವರನ್ನು ಕಾಯಲು ಕಟ್ಟಿದ ಬುರುಜಿನ ಬದಿಯಲ್ಲಿ ಬೆಳೆದ ಈ ಊರಿನ ನೂರೈವತ್ತು ವರ್ಷಗಳ ಕಥೆಯಾದರೋ ಹೆಚ್ಚಾಗಿ ಹೊರಗೆ ಹೋದವರ ಕಥೆ.

ಮೊಗವೀರರು, ಬಿಲ್ಲವರು, ಬಂಟರು, ಕೊಂಕಣಿಗರು, ಕ್ರೈಸ್ತರು, ಮುಸಲ್ಮಾನರು ಒಬ್ಬರ ಬೇಲಿಗೆ ಒಬ್ಬರು ತಾಗಿಕೊಂಡೇ ಬಾಳಿದ ಪ್ರದೇಶವಿದು. ಯಾವ ಮನೆಯಲ್ಲಿ ವಿಚಾರಿಸಿದರೂ ಮುಂಬಯಿಗೆ ಹೋದ ಒಬ್ಬ ಮಾವನಾಗಲಿ, ಅರಬ್ ದೇಶದಲ್ಲಿರುವ ಒಬ್ಬ ಮಗನಾಗಲಿ ಇದ್ದೇ ಇರುತ್ತಾನೆ. ಹೋದವರು ಕಳುಹಿಸಿದ ಹಣದ ಮಾತನ್ನು ಎಲ್ಲರೂ ಆಡುತ್ತಾರೆ. ಆದರೆ ದುಡಿಮೆ ಮುಗಿದ ಮೇಲಿನ ಸಂಜೆಯನ್ನು ಅವರು ಅಲ್ಲಿ ಎಲ್ಲಿ ಕಳೆದರು, ತಮ್ಮ ಮಾತನ್ನು ಆಡಬಲ್ಲ ಇನ್ನೊಂದು ಜೀವವನ್ನು ಎಲ್ಲಿ ಹುಡುಕಿಕೊಂಡರು ಎಂಬ ಪ್ರಶ್ನೆಯನ್ನು ಊರಿನವರು ಕೇಳಿದ್ದು ಕಡಿಮೆ.

ಮುಂಬಯಿಗೆ ಹೋಗುವುದು ಆ ಕಾಲಕ್ಕೆ ವಿದೇಶಯಾತ್ರೆಗೇನೂ ಕಡಿಮೆಯದಾಗಿರಲಿಲ್ಲ. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಅದೂ ಮದರಾಸಿನ ಕಡೆಯಿಂದ. ಮುಂಬಯಿಗೆ ಹೋಗಬೇಕಾದವನು ಬಂದರಿನಲ್ಲಿ ದೋಣಿ ಹತ್ತಿ, ದೂರದಲ್ಲಿ ಲಂಗರು ಹಾಕಿ ನಿಂತ ಉಗಿಹಡಗನ್ನು ಸೇರಬೇಕಾಗಿತ್ತು. ಮಳೆಗಾಲ ಹಿಡಿಯಿತೆಂದರೆ ಆ ದಾರಿಯೂ ಮುಚ್ಚಿದಂತೆಯೇ. ಕರಾವಳಿಯ ಉದ್ದಕ್ಕೂ ಕೊಂಕಣ ರೈಲು ಪೂರ್ಣವಾಗಿ ಓಡಿದ್ದು 1998ರ ಜನವರಿಯಲ್ಲಿ. ಅಲ್ಲಿಯವರೆಗೆ ಘಟ್ಟ ಹತ್ತಿ ಸುತ್ತಿಕೊಂಡು ಹೋಗುವ ಬಸ್ಸೇ ಹೆಚ್ಚಿನವರ ಗತಿ. ಹದಿಮೂರು ಹದಿನಾಲ್ಕರ ಹುಡುಗನೊಬ್ಬನು ಊರಿನ ಹಿರಿಯರ ಕೈಹಿಡಿದು ಹೀಗೆ ಹೊರಟನೆಂದರೆ, ಅವನ ತಾಯಿ ಮತ್ತೆ ಅವನ ಮುಖವನ್ನು ನೋಡುವುದು ಮೂರೋ ನಾಲ್ಕೋ ವರ್ಷಗಳ ಅನಂತರವೇ.

ಇಂತಹ ಮಂದಿ ಮುಂಬಯಿಯಲ್ಲಿ ಮೊದಲು ಕಲೆತದ್ದು ಕ್ಲಬ್ಬಿನಲ್ಲಲ್ಲ, ಸಭಾಭವನದಲ್ಲೂ ಅಲ್ಲ, ಪುರಾಣದ ಸುತ್ತ. ಕರಾವಳಿಯ ಮೊಗವೀರರು ಅಲ್ಲಿ ಶ್ರೀಮದ್ಭಾರತ ಮಂಡಳಿಯನ್ನು ಸ್ಥಾಪಿಸಿದ್ದು 1878ರಲ್ಲಿ. ಹೆಸರೇ ಅದರ ಉದ್ದೇಶವನ್ನು ಹೇಳುತ್ತದೆ. ಊರಿನಲ್ಲಿ ಆಟಿ ತಿಂಗಳ ಮಳೆ ಹೊಯ್ಯುತ್ತಿರುವಾಗ, ಕಡಲಿಗಿಳಿಯುವಂತಿಲ್ಲದ ದಿನಗಳಲ್ಲಿ, ಚಾವಡಿಯ ದೀಪದ ಮುಂದೆ ಒಬ್ಬರು ಭಾರತವನ್ನು ರಾಗವಾಗಿ ಓದುವುದು, ಇನ್ನೊಬ್ಬರು ಅರ್ಥ ಹೇಳುವುದು ನಡೆದುಬಂದ ಪದ್ಧತಿ. ಅದೇ ಪದ್ಧತಿಯನ್ನು ಅವರು ಗಂಟುಮೂಟೆಯೊಂದಿಗೆ ಹಡಗಿನಲ್ಲಿ ಒಯ್ದರು. ಮನೆಮಾತು ತುಳು, ಓದುವ ಗ್ರಂಥ ಕನ್ನಡ, ಹೊರಗಿನ ಬೀದಿಯಲ್ಲಿ ಮರಾಠಿ. ಭಾರತ ಕೇಳುವುದಕ್ಕೆಂದು ಬಂದವನು ಊರಿನಿಂದ ಯಾರು ಬಂದರು, ಯಾರ ಮನೆಯಲ್ಲಿ ಮದುವೆ, ಯಾರ ದೋಣಿ ಒಡೆಯಿತು ಎಂಬುದನ್ನೂ ಕೇಳಿಕೊಂಡು ಹೋಗುತ್ತಿದ್ದನು. ಬರಿದೇ ಮಾತಾಡೋಣ ಬಾ ಎಂದು ಕರೆದರೆ ದುಡಿದು ದಣಿದವನು ಬರುವುದಿಲ್ಲ. ಕರ್ಣಪರ್ವವಿದೆಯೆಂದರೆ ಬರುತ್ತಾನೆ. ಪರಸ್ಥಳದಲ್ಲಿ ಜನ ಸೇರುವುದಕ್ಕೆ ಒಂದು ನೆಪ ಬೇಕು. ಆ ನೆಪವು ಸೇರುವಿಕೆಗಿಂತ ಕೊಂಚ ದೊಡ್ಡದಾಗಿರಬೇಕು. ಮುಂದೆ ಬಂದ ಸಂಘಗಳಲ್ಲಿ ಬಾಳಿ ಉಳಿದವುಗಳೆಲ್ಲ ಈ ಗುಟ್ಟನ್ನು ಅರಿತವುಗಳೇ.

1902ರಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿ ಹುಟ್ಟಿತು. ಅದು ಹಿಡಿದ ನೆಪ ವಿದ್ಯೆ. ಹಗಲೆಲ್ಲ ದುಡಿಯುವ ಹುಡುಗರಿಗಾಗಿ ರಾತ್ರಿಶಾಲೆ ತೆರೆಯಿತು. ಮುಂಬಯಿಯ ಕನ್ನಡ ರಾತ್ರಿಶಾಲೆಗಳ ಕಥೆಯನ್ನೇ ಬೇರೊಂದು ಲೇಖನದಲ್ಲಿ ಹೇಳಬೇಕು. ಹೋಟೆಲಿನಲ್ಲಿ ಲೋಟ ತೊಳೆದ ಕೈ ಆರುವ ಮೊದಲೇ ಸ್ಲೇಟು ಹಿಡಿದವರು, ತೂಕಡಿಸುತ್ತಲೇ ಮಗ್ಗಿ ಹೇಳಿದವರು, ಮುಂದೆ ಅದೇ ನಗರದಲ್ಲಿ ವಕೀಲರಾಗಿ, ಗುಮಾಸ್ತರಾಗಿ, ಹೋಟೆಲಿನ ಯಜಮಾನರಾಗಿ ನಿಂತವರು ಒಬ್ಬಿಬ್ಬರಲ್ಲ. ಕಲಿತ ಪಾಠ ಮರೆತರೂ ಪಕ್ಕದ ಮಣೆಯಲ್ಲಿ ಕುಳಿತವನನ್ನು ಅವರು ಮರೆಯಲಿಲ್ಲ.

ಸಾರಸ್ವತರು ಹಿಡಿದ ದಾರಿ ಬೇರೆ. ಕೆನರಾ ಸಾರಸ್ವತ ಅಸೋಸಿಯೇಶನ್ 1911ರಲ್ಲಿ ಆರಂಭವಾಯಿತು. 1915ರಲ್ಲಿ ರಾವ್ ಬಹದ್ದೂರ್ ತಲ್ಮಕಿಯವರ ಮುಂದಾಳುತನದಲ್ಲಿ ಗಾಮದೇವಿಯಲ್ಲಿ ಸಾರಸ್ವತ ಸಹಕಾರಿ ಗೃಹಸಂಘ ಏರ್ಪಟ್ಟಿತು. ಭೇಟಿಯಾಗಲು ಸ್ಥಳ ಹುಡುಕುವ ಬದಲು ಎಲ್ಲರೂ ಒಂದೇ ಆವರಣದಲ್ಲಿ ಮನೆ ಮಾಡಿಬಿಟ್ಟರೆ ಭೇಟಿಯ ಚಿಂತೆಯೇ ಇಲ್ಲವಲ್ಲ! ಇಷ್ಟು ಲೆಕ್ಕಾಚಾರದ ಜಾಣತನ ಎಲ್ಲರಿಗೂ ಸಾಧ್ಯವಿರಲಿಲ್ಲ. ಅದಕ್ಕೆ ತಿಂಗಳ ಸಂಬಳವೂ ಸಂಸಾರವೂ ಜತೆಗಿರಬೇಕು. 1927ರಲ್ಲಿ ಬಂಟರ ಸಂಘ, 1932ರಲ್ಲಿ ಬಿಲ್ಲವರ ಅಸೋಸಿಯೇಶನ್ ಬಂದವು. ಬಿಲ್ಲವರ ಅಸೋಸಿಯೇಶನ್ 1978ರಲ್ಲಿ ಭಾರತ್ ಕೋ-ಆಪರೇಟಿವ್ ಬ್ಯಾಂಕನ್ನೇ ಹುಟ್ಟುಹಾಕಿತು.

ಇಲ್ಲಿ ಒಂದು ಮಾತನ್ನು ಮರೆಮಾಚದೆ ಹೇಳಬೇಕು. ಉರ್ವದಲ್ಲಿ ಒಂದೇ ಬಾವಿಕಟ್ಟೆಯ ಬಳಿ ಆಡಿ ಬೆಳೆದ ಇಬ್ಬರು ಹುಡುಗರು ಮುಂಬಯಿಗೆ ಹೋದಮೇಲೆ ಭಾನುವಾರ ಸಂಜೆ ಎರಡು ಬೇರೆ ಬೇರೆ ಬಾಗಿಲುಗಳನ್ನು ತಟ್ಟುತ್ತಿದ್ದರು. ಒಬ್ಬನು ತನ್ನ ಜಾತಿಯ ಸಂಘದ್ದು, ಮತ್ತೊಬ್ಬನು ತನ್ನ ಜಾತಿಯದು. ಊರಿನಲ್ಲಿದ್ದ ನೆರೆತನ ಪರವೂರಿನಲ್ಲಿ ಸೋಸಿಹೋಯಿತು. ಇದನ್ನು ಟೀಕಿಸುವುದು ಸುಲಭ. ಆದರೆ ಜ್ವರ ಬಂದು ಮಲಗಿದ ಹುಡುಗನಿಗೆ ಗಂಜಿ ಕೊಟ್ಟವರು, ಕೆಲಸ ಹೋದವನಿಗೆ ಮಲಗಲು ಚಾಪೆ ಹಾಸಿದವರು, ಸತ್ತವನ ಸುದ್ದಿಯನ್ನು ಊರಿಗೆ ಮುಟ್ಟಿಸಿದವರು ಬಹುಮಟ್ಟಿಗೆ ಆ ಸಂಘಗಳವರೇ ಎಂಬುದನ್ನೂ ತೂಗಿ ನೋಡಬೇಕು. ಭಾಷೆಯ ಹೆಸರಿನಲ್ಲಿ, ನಾಡಿನ ಹೆಸರಿನಲ್ಲಿ ಸೇರುವ ಚಾವಡಿಗಳೂ ಇದ್ದುವು: ಮಾಟುಂಗದಲ್ಲಿ 1926ರ ಮೈಸೂರು ಅಸೋಸಿಯೇಶನ್, 1933ರ ಕರ್ನಾಟಕ ಸಂಘ. ನಾಟಕ, ಉಪನ್ಯಾಸ, ಸಾಹಿತ್ಯಗೋಷ್ಠಿಗಳ ರುಚಿಯಿದ್ದವರಿಗೆ ಅವು ನೆಲೆಯಾದವು.

ಎಲ್ಲರನ್ನೂ ಮತ್ತೆ ಒಂದೇ ಕಡೆ ಕೂರಿಸಿದ್ದು ಊಟ ಮತ್ತು ಆಟ. ಮಾಟುಂಗದ ರೈಲುನಿಲ್ದಾಣದ ಬಳಿ ಎ. ರಾಮ ನಾಯಕರು 1942ರಲ್ಲಿ ತೆರೆದ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನ ಬಾಳೆಲೆಯ ಮುಂದೆ ಕುಳಿತವನ ಜಾತಿಯನ್ನು ಕೇಳುವವರು ಯಾರು? ಇನ್ನು ಆಟವೆಂದರೆ ಯಕ್ಷಗಾನ. ಕರಾವಳಿಯ ಮೇಳಗಳು ಪತ್ತನಾಜೆಗೆ ಗೆಜ್ಜೆ ಬಿಚ್ಚಿದರೆ ದೀಪಾವಳಿಯ ಹೊತ್ತಿನವರೆಗೆ ಬಯಲಿನಲ್ಲಿ ಆಟವಿಲ್ಲ. ಆ ಬಿಡುವಿನಲ್ಲಿ ಕಲಾವಿದರು ತಂಡ ಕಟ್ಟಿಕೊಂಡು ಮುಂಬಯಿಗೆ ಹೋಗುವುದು ವಾಡಿಕೆಯಾಯಿತು. ಹೊರಗೆ ಮಳೆ, ಒಳಗೆ ಸಭಾಗೃಹದಲ್ಲಿ ಚೆಂಡೆಯ ಸದ್ದು. ಊರಿನಲ್ಲಿ ಗದ್ದೆಯ ಬದುವಿನಲ್ಲಿ ಕುಳಿತು ನೋಡುತ್ತಿದ್ದವನು ಇಲ್ಲಿ ಕುರ್ಚಿಯ ಮೇಲೆ ಕುಳಿತು ನೋಡುತ್ತಾನೆ. ರಾತ್ರಿಯಿಡೀ ನಡೆಯಬೇಕಾದದ್ದು ಕೊನೆಯ ಲೋಕಲ್ ರೈಲಿನ ಹೊತ್ತಿಗೆ ಮುಗಿಯಬೇಕಾಗುತ್ತದೆ. ಆದರೂ ಮಹಿಷಾಸುರನ ಅಬ್ಬರಕ್ಕೆ ಮೈನವಿರೇಳುವುದರಲ್ಲಿ ಏನೂ ವ್ಯತ್ಯಾಸವಿಲ್ಲ.

ಹೆಂಗಸರ ಚಾವಡಿಯನ್ನು ಬರೆದವರು ಕಡಿಮೆ. ಗಂಡಸರು ದುಡಿಯುವ ನೆಲೆಯಲ್ಲಿ ಹೇಗೋ ಊರವರನ್ನು ಕಂಡುಕೊಳ್ಳುತ್ತಿದ್ದರು. ಮದುವೆಯಾಗಿ ಚಾಳಿನ ಒಂದೇ ಕೋಣೆಗೆ ಬಂದಿಳಿದ ಹೆಣ್ಣುಮಗಳಿಗೆ ನೆರೆಯವರ ಮಾತೇ ತಿಳಿಯದು. ಆಕೆ ಮೊದಲು ಕಲಿತದ್ದು ನೀರಿನ ನಲ್ಲಿಯ ಬಳಿಯ ಮರಾಠಿ. ಅನಂತರ ಮಹಾರಾಷ್ಟ್ರದವರಿಂದ ಪಡೆದದ್ದು ಮಕರ ಸಂಕ್ರಾಂತಿಯ ಹಳದಿ ಕುಂಕುಮ. ಇಂದು ಮುಂಬಯಿಯ ತುಳು-ಕನ್ನಡ ಸಂಘಗಳ ಮಹಿಳಾ ವಿಭಾಗಗಳು ಈ ಹಬ್ಬವನ್ನು ತಮ್ಮದೇ ಎಂಬಂತೆ ಆಚರಿಸುತ್ತವೆ. ಊರಿನಲ್ಲಿ ಇಲ್ಲದ ಆಚರಣೆಯೊಂದು ಊರಿನವರನ್ನು ಒಂದುಗೂಡಿಸಿದ್ದು ಸ್ವಾರಸ್ಯವಾಗಿದೆ.

ಅದಕ್ಕಿಂತಲೂ ಸ್ವಾರಸ್ಯದ್ದು ಆಟಿಯ ಕೂಟ. ತುಳುವರಿಗೆ ಆಟಿಯೆಂದರೆ ಒಂದಾನೊಂದು ಕಾಲಕ್ಕೆ ಹಸಿವಿನ ತಿಂಗಳು. ಪಣತದ ಅಕ್ಕಿ ತೀರಿ, ಕಡಲು ಮುಚ್ಚಿ, ಕೂಲಿಯೂ ಇಲ್ಲದ ದಿನಗಳಲ್ಲಿ ತಜಂಕಿನ ಸೊಪ್ಪು, ಕೆಸುವಿನ ಎಲೆಯ ಪತ್ರೊಡೆ, ಕಣಿಲೆ, ಹಲಸಿನ ಬೀಜ ಹೊಟ್ಟೆ ತುಂಬಿಸುತ್ತಿದ್ದುವು. ಆಟಿ ಅಮಾವಾಸ್ಯೆಯ ಬೆಳಗ್ಗೆ ಹಾಲೆ ಮರದ ತೊಗಟೆಯ ಕಹಿ ಕಷಾಯ ಬೇರೆ. ಇದೇ ಬಡತನದ ಅಡಿಗೆಯನ್ನು ಪರವೂರಿನ ತುಳುವರು ಸಂಭ್ರಮದ ಅಡಿಗೆಯನ್ನಾಗಿ ಮಾಡಿ, ಸಭಾಂಗಣದಲ್ಲಿ ಸಾಲಾಗಿ ಬಡಿಸಿ, ಮಕ್ಕಳಿಗೆ ಹೆಸರು ಕಲಿಸುತ್ತಾರೆ. ಈಚೆಗೆ ಮಂಗಳೂರಿನಲ್ಲೂ ಇಂತಹ ಕೂಟಗಳು ಬಲು ಜೋರು. ಅಜ್ಜಿಯೊಬ್ಬಳು ಅದನ್ನು ಕಂಡರೆ, ಉಪವಾಸಕ್ಕೂ ಆಮಂತ್ರಣ ಪತ್ರಿಕೆಯೇ ಎಂದು ನಕ್ಕಾಳು.

ಮುಂಬಯಿಯ ಬಳಿಕ ಕೊಲ್ಲಿ ದೇಶಗಳ ಸರದಿ. ಅಲ್ಲಿ ಸಭೆ ಸೇರುವುದಕ್ಕೆ ಸರಕಾರದ ಅನುಮತಿ ಬೇಕು. ಮನಸ್ಸು ಬಂದಲ್ಲಿ ಸಂಘ ಕಟ್ಟುವಂತಿಲ್ಲ. ಬಹರೈನಿನಲ್ಲಿ ಕನ್ನಡ ಸಂಘವು 1977ರಲ್ಲೇ ಆರಂಭವಾದದ್ದು ಆ ದೃಷ್ಟಿಯಿಂದ ದೊಡ್ಡ ಸಂಗತಿ. ಸಂಘವಿಲ್ಲದ ಕಡೆಗಳಲ್ಲಿ ಚಾವಡಿಯೆಂದರೆ ಆರೆಂಟು ಮಂದಿ ಹಂಚಿಕೊಂಡ ಕೋಣೆ, ಮಂಗಳೂರು ಮೀನೂಟದ ಹೋಟೆಲು, ಉದ್ಯಾನದ ಹುಲ್ಲು. ಉರ್ವದ ಇಗರ್ಜಿಯ ಒಕ್ಕಲಿನವನು ದುಬಾಯಿಯ ಸೈಂಟ್ ಮೇರೀಸ್ ಇಗರ್ಜಿಯಲ್ಲಿ ಕೊಂಕಣಿ ಪೂಜೆ ಮುಗಿದ ಮೇಲೆ ಅಂಗಳದಲ್ಲಿ ಅರ್ಧ ಗಂಟೆ ನಿಂತರೆ ಸಾಕು, ಊರಿನ ವಾರದ ಸಮಾಚಾರವೆಲ್ಲ ಕಿವಿಗೆ ಬೀಳುತ್ತದೆ. 2006ರಲ್ಲಿ ಮಂಗಳೂರಿನಿಂದಲೇ ದುಬಾಯಿಗೆ ವಿಮಾನ ಹಾರತೊಡಗಿದ ಮೇಲೆ ವಿಮಾನದ ಆಸನಗಳ ಸಾಲೂ ಒಂದು ಚಾವಡಿಯಾಯಿತು. ಹತ್ತುವಾಗ ಅಪರಿಚಿತರಾದವರು ಇಳಿಯುವಾಗ ಯಾವುದೋ ಮದುವೆಯ ಕಡೆಯಿಂದ ಸಂಬಂಧಿಕರಾಗಿರುತ್ತಾರೆ.

ಕಷ್ಟವಿರುವುದು ಹೋದವರಿಗಲ್ಲ, ಮರಳಿ ಬಂದವರಿಗೆ. ನಲವತ್ತು ವರ್ಷ ದುಡಿದು, ಉಳಿಸಿದ ಹಣದಲ್ಲಿ ಉರ್ವದ ಬಳಿ ಬಹುಮಹಡಿಯ ಕಟ್ಟಡದಲ್ಲಿ ಒಂದು ಮನೆ ಕೊಂಡು ಬಂದ ದಂಪತಿಗಳನ್ನು ಈ ಭಾಗದಲ್ಲಿ ಎಲ್ಲೆಲ್ಲೂ ಕಾಣಬಹುದು. ಮುಂಬಯಿಯಲ್ಲಿ ಅವರನ್ನು "ಮಂಗಳೂರಿನವರು" ಎಂದು ಕರೆಯುತ್ತಿದ್ದರು. ಇಲ್ಲಿ ಅವರು "ಮುಂಬಯಿಯವರು". ತೆಂಗಿನ ತೋಟವಿದ್ದಲ್ಲಿ ಗೋಡೆ ಎದ್ದಿದೆ. ಆಡಿದ ಗೆಳೆಯರಲ್ಲಿ ಕೆಲವರು ಕಾಲವಾದರು, ಕೆಲವರು ತಾವೂ ಬೇರೆಲ್ಲಿಗೋ ಹೋದರು. ಮಕ್ಕಳು ಅಲ್ಲೇ ಮುಂಬಯಿಯಲ್ಲೋ ಕಡಲಾಚೆಯಲ್ಲೋ ಉಳಿದರು. ಅಲ್ಲಿ ಭಾನುವಾರಕ್ಕೊಂದು ಸಭೆ, ತಿಂಗಳಿಗೊಂದು ಆಟ, ಹೋದೆಡೆಯಲ್ಲೆಲ್ಲ ನಮಸ್ಕಾರ. ಇಲ್ಲಿ ಸಂಜೆ ಐದಾದರೆ ಮಹಡಿಯ ಬಾಲ್ಕನಿ. ಊರಿಗೆ ಹೋದರೆ ಎಲ್ಲ ಸರಿಯಾಗುತ್ತದೆ ಎಂದು ನಲವತ್ತು ವರ್ಷ ಹೇಳಿಕೊಂಡು ಬಂದವರಿಗೆ ಊರಿನಲ್ಲಿಯೇ ಊರನ್ನು ಹುಡುಕುವ ಪಾಡು ಬಂದಿತು.

ಹುಡುಕುವುದೇನೋ ಹುಡುಕುತ್ತಾರೆ. ಮಾರುಕಟ್ಟೆಯಲ್ಲಿ ಮೀನಿನ ಬೆಲೆ ಕೇಳುವವನ ಬಾಯಲ್ಲಿ ಒಂದು ಮರಾಠಿ ಪದ ಜಾರಿದರೆ ಪಕ್ಕದಲ್ಲಿ ನಿಂತವನು ಕತ್ತು ತಿರುಗಿಸುತ್ತಾನೆ: "ನೀವು ಯಾವ ಕಡೆ, ಅಂಧೇರಿಯೋ ಕುರ್ಲಾವೋ?" ಅಲ್ಲಿಗೆ ಗೆಳೆತನ ಕುದುರಿತು. ಮಾರಿಗುಡಿಯ ಉತ್ಸವ ಬಂದರೆ ಹೋಗಲು ಒಂದು ಸ್ಥಳ, ಮಾಡಲು ಒಂದು ಕೆಲಸ. ಉರ್ವಸ್ಟೋರಿನಲ್ಲಿ ತುಳು ಸಾಹಿತ್ಯ ಅಕಾಡೆಮಿಯ ತುಳು ಭವನವಿದೆ. ಕಾರ್ಯಕ್ರಮವಿದ್ದ ದಿನ ಹಿಂದಿನ ಸಾಲಿನಲ್ಲಿ ನರೆತ ತಲೆಗಳ ಒಂದು ಗುಂಪು ಕಾಣಿಸುವುದುಂಟು. ಪರವೂರಿನಲ್ಲಿ ನಿಂತು ಊರನ್ನು ನೆನೆದವರು ಈಗ ಊರಿನಲ್ಲಿ ಕುಳಿತು ಪರವೂರನ್ನು ನೆನೆಯುತ್ತಾರೆ; ದಾದರಿನ ಜನಜಂಗುಳಿಯನ್ನು ಹೊಗಳುವಾಗ ಅವರ ಕಣ್ಣಿನ ಹೊಳಪನ್ನು ನೋಡಬೇಕು. ಅಲ್ಲಿದ್ದಾಗ ಅದನ್ನು ಬೈದವರೂ ಅವರೇ.

ಇತ್ತ ಉರ್ವವೂ ಮಂಗಳೂರಿನ ಇತರ ಬಡಾವಣೆಗಳಂತೆ ಬೇರೆಯವರಿಗೆ ಪರವೂರಾಗಿದೆ. ಈ ಬಹುಮಹಡಿಗಳಿಗೆ ಕಲ್ಲು, ಸಿಮೆಂಟು ಹೊತ್ತವರು ಬಾಗಲಕೋಟೆ, ಗದಗ, ಕೊಪ್ಪಳ, ರಾಯಚೂರಿನ ಕಡೆಯಿಂದ ಬಂದವರು. ಅವರಾಡುವುದು ಕನ್ನಡವೇ ಆದರೂ ಅದು ಇಲ್ಲಿಯ ಕನ್ನಡವಲ್ಲ, ತುಳುವಂತೂ ಮೊದಲೇ ಅಲ್ಲ. ಮಂಗಳೂರಿನ ಕೂಡುರಸ್ತೆಗಳಲ್ಲಿ ಬೆಳಗಿನ ಏಳು ಗಂಟೆಗೆ ಬುತ್ತಿಯ ಚೀಲ ಹಿಡಿದು ಕೆಲಸಕ್ಕಾಗಿ ಕಾದು ನಿಂತಿರುವ ಗುಂಪುಗಳಲ್ಲಿ ಊರಿನ ಮಳೆಯ ಸುದ್ದಿ, ಯಾರಿಗೆ ಎಲ್ಲಿ ಕೆಲಸ ಸಿಕ್ಕಿತೆಂಬ ಸುದ್ದಿ, ಒಳ್ಳೆಯ ಜೋಳದ ಹಿಟ್ಟು ಯಾವ ಅಂಗಡಿಯಲ್ಲಿ ಬಂದಿದೆಯೆಂಬ ಸುದ್ದಿ ಕೈಯಿಂದ ಕೈಗೆ ದಾಟುತ್ತವೆ. ಗುತ್ತಿಗೆದಾರನ ಟೆಂಪೋ ಬಂದು ನಿಂತೊಡನೆ ಚಾವಡಿ ಚದರುತ್ತದೆ. ಮರುದಿನ ಅದೇ ಹೊತ್ತಿಗೆ, ಅದೇ ಅಂಗಡಿಯ ಮುಚ್ಚಿದ ಬಾಗಿಲ ಮುಂದೆ ಮತ್ತೆ ಸೇರುತ್ತದೆ.