ಅವ್ವನ ಎರಡು ಕಣ್ಣುಗಳು

ಮನೆಯ ಹಿರಿಯರ ದೃಷ್ಟಿ ಮಂದವಾದರೆ ನಾವು ಅದನ್ನು ರೋಗವೆಂದು ಎಣಿಸುವದಿಲ್ಲ, ವಯೋಧರ್ಮವೆಂದು ಸುಮ್ಮನಿದ್ದುಬಿಡುತ್ತೇವೆ. ಔರಾದದ ನಮ್ಮ ಮನೆಯಲ್ಲಿಯೂ ಹೀಗೆಯೇ ಆಯಿತು. ಅವ್ವ ಎಪ್ಪತ್ತು ದಾಟಿದರೂ ಪಡಸಾಲೆಯಲ್ಲಿ ಮೊರ ಹಿಡಿದು ಕುಳಿತು ತೊಗರಿಬೇಳೆಯಲ್ಲಿಯ ಹರಳನ್ನು ತಾನೇ ಆರಿಸುವಳು. ಆ ಕೆಲಸವನ್ನು ಸೊಸೆಯರಿಗೂ ಬಿಟ್ಟುಕೊಟ್ಟವಳಲ್ಲ. ಒಂದು ವರ್ಷ ಊಟದಲ್ಲಿ ನಮ್ಮ ಹಲ್ಲಿಗೆ ಹರಳು ಸಿಗತೊಡಗಿದವು. ದೀಪವು ಹೊಗೆಯೊಳಗೆ ಇಟ್ಟಂತೆ ಕಾಣುವದೆಂದು ಅವಳು ಹೇಳಿದಳು. ಬಾಗಿಲು ದಾಟುವಾಗ ಅವಳ ಎಡಭುಜವು ಚೌಕಟ್ಟಿಗೆ ತಗಲುವದು. ಮಕ್ಕಳು ನಗುವರು, ಅವಳೂ ನಗುವಳು.

ಬೀದರಕ್ಕೆ ಹೋಗಿ ಕಣ್ಣು ತೋರಿಸೋಣವೆಂದರೆ, "ದೀಪದಾಗ ಎಣ್ಣಿ ತೀರಿದ ಮ್ಯಾಲ ಬತ್ತಿ ಏನ್ ಮಾಡೀತು ತಮ್ಮಾ? ಮೋತಿಬಿಂದು ಇದ್ದೀತು, ಹಣ್ಣಾಗಲಿ ತಗೋ" ಎನ್ನುವಳು. ನಾವೂ ಅದನ್ನೇ ನಂಬಿದೆವು. ನಿಜ ಹೇಳಬೇಕೆಂದರೆ, ನಂಬುವದು ನಮಗೆ ಅನುಕೂಲವಾಗಿತ್ತು. ರಾಶಿಯ ಕಾಲ, ಮದುವೆಯ ಕಾಲ ಎಂದು ಎರಡು ವರ್ಷ ಕಳೆದವು.

ಕಣ್ಣೆಂದರೇನೆಂಬುದು ಆಗ ನಮಗೆ ತಿಳಿದಿದ್ದರೆ ಹೀಗೆ ತಡಮಾಡುತ್ತಿರಲಿಲ್ಲ. ತಿಳಿಯುವದಕ್ಕೆ ಬಾಲ್ಯದ ಒಂದು ನೋಟವೇ ಸಾಕಾಗಿತ್ತು. ಬೇಸಿಗೆಯ ಮಧ್ಯಾಹ್ನ ಹಳೆಯ ಮನೆಯ ಕತ್ತಲೆಕೋಣೆಯಲ್ಲಿ ಮಲಗಿದರೆ, ಮುಚ್ಚಿದ ಬಾಗಿಲಿನ ಸಣ್ಣ ತೂತಿನಿಂದ ಬೆಳಕು ಬಂದು ಎದುರುಗೋಡೆಯ ಮೇಲೆ ಓಣಿಯ ಚಿತ್ರವು ಮೂಡುತ್ತಿತ್ತು. ಅಲ್ಲಿ ದೇವಣಿ ಎತ್ತುಗಳು ಕಾಲು ಮೇಲಾಗಿ, ಕೊಂಬು ಕೆಳಗಾಗಿ ನಡೆಯುವವು! ದೆವ್ವದ ಆಟವೆಂದು ನಾವು ಹೆದರಿದ್ದುಂಟು. ಕಣ್ಣೂ ಅಂಥದೇ ಒಂದು ಕತ್ತಲೆಕೋಣೆ. ಕಣ್ಣಿನಿಂದ ಕಿರಣ ಹೊರಟು ವಸ್ತುವನ್ನು ಮುಟ್ಟುವದೆಂದು ಪೂರ್ವಕಾಲದ ಅನೇಕ ಪಂಡಿತರು ತಿಳಿದಿದ್ದರು. ಸುಮಾರು ಸಾವಿರ ವರ್ಷಗಳ ಹಿಂದೆ ಅರಬ್ಬೀ ಪಂಡಿತನಾದ ಇಬ್ನ್ ಅಲ್-ಹೈಥಮನು ಬೆಳಕೇ ವಸ್ತುವಿನಿಂದ ಕಣ್ಣಿಗೆ ಬರುವದೆಂದು ಸಾಧಿಸಿದನು. 1604ರಲ್ಲಿ ಜರ್ಮನಿಯ ಕೆಪ್ಲರನು ಕಣ್ಣಿನೊಳಗೆ ಚಿತ್ರವು ತಲೆಕೆಳಗಾಗಿಯೇ ಮೂಡುವದೆಂದು ತೋರಿಸಿದನು.

ಕಣ್ಣುಗುಡ್ಡೆಯ ಅಡ್ಡಳತೆ ಸುಮಾರು 24 ಮಿಲಿಮೀಟರು. ಅದರ ಮುಂದಿನ ಕಿಟಕಿಯೇ ಕಾರ್ನಿಯಾ ಎಂಬ ತಿಳಿಯಾದ ಪರೆ. ಬೆಳಕಿಗೆ ಅಡ್ಡವಾಗದಂತೆ ಅದರಲ್ಲಿ ರಕ್ತನಾಳಗಳೇ ಇಲ್ಲ. ಬೆಳಕನ್ನು ಬಾಗಿಸುವ ಕೆಲಸದಲ್ಲಿ ಮೂರರಲ್ಲಿ ಎರಡು ಪಾಲು ಅದರದೇ. ಅದರ ಹಿಂದಿನ ಬಣ್ಣದ ಪರದೆಯ ನಡುವಿನ ತೂತೇ ಪಾಪೆ; ಬಿಸಿಲಿನಲ್ಲಿ ಅದು ಎಳ್ಳಿನಷ್ಟಾಗಿ ಕುಗ್ಗುವದು, ಕತ್ತಲೆಯಲ್ಲಿ ತೊಗರಿಕಾಳಿನಷ್ಟು ಹಿಗ್ಗುವದು. ಪಾಪೆಯ ಹಿಂದೆ ಮಸೂರವುಂಟು. ದೂರದ ನೋಟಕ್ಕೆ ತೆಳುವಾಗಿ, ಸಮೀಪದ ನೋಟಕ್ಕೆ ಉಬ್ಬಿ ಅದು ಚಿತ್ರವನ್ನು ಸ್ಪಷ್ಟಗೊಳಿಸುವದು. ನಾಲ್ವತ್ತರ ಸುಮಾರಿಗೆ ಅದು ಬಿರುಸಾಗುವದರಿಂದಲೇ ಸೂಜಿಗೆ ದಾರ ಪೋಣಿಸಲು ಚಾಳೀಸು ಬೇಕಾಗುವದು. ಎಲ್ಲಕ್ಕೂ ಹಿಂದಿನ ಗೋಡೆಯೇ ಅಕ್ಷಿಪಟಲ. ಮಂದ ಬೆಳಕಿಗಾಗಿ ಸುಮಾರು 12 ಕೋಟಿ, ಬಣ್ಣಕ್ಕೂ ಸೂಕ್ಷ್ಮ ನೋಟಕ್ಕೂ ಸುಮಾರು 60 ಲಕ್ಷ ಕೋಶಗಳು ಅಲ್ಲಿರುವವು. ಅವುಗಳ ಸುದ್ದಿಯನ್ನು ಹತ್ತು ಲಕ್ಷದಷ್ಟು ಎಳೆಗಳುಳ್ಳ ದೃಷ್ಟಿನರವು ಮಿದುಳಿಗೆ ಒಯ್ಯುವದು. ತಲೆಕೆಳಗಾದ ಆ ಚಿತ್ರದಿಂದ ನೆಟ್ಟಗಿನ ಜಗತ್ತನ್ನು ಅರಿಯುವದು ಮಿದುಳಿನ ಕೆಲಸ.

ಅಮರೇಶ್ವರನ ಗುಡಿಗೆ ಹೋಗುವ ದಾರಿಯಲ್ಲಿ ಅವ್ವ ಒಮ್ಮೆ ಎಡವಿ ಬಿದ್ದ ಮೇಲೆಯೇ ನಾವು ಅವಳನ್ನು ಬೀದರಕ್ಕೆ ಕರೆದೊಯ್ದೆವು. ವೈದ್ಯರು ಬಹಳ ಹೊತ್ತು ಪರೀಕ್ಷಿಸಿ, ಎರಡು ಕಣ್ಣುಗಳಲ್ಲಿಯೂ ಮಸೂರವು ಮಬ್ಬಾಗಿರುವದು, ಅದೇ ಮೋತಿಬಿಂದು. ಆದರೆ ಎಡಗಣ್ಣಿನಲ್ಲಿ ಕಾಚಬಿಂದುವೂ ಬಲಿತಿರುವದು ಎಂದರು. ಮಸೂರದ ಸುತ್ತಲಿನ ತಿಳಿನೀರು ಸದಾ ಹುಟ್ಟಿ ಹೊರಹರಿಯಬೇಕು. ದಾರಿ ಕಟ್ಟಿದರೆ ಒಳಗಿನ ಒತ್ತಡವೇರಿ ದೃಷ್ಟಿನರದ ಎಳೆಗಳು ಸಾಯುವವು. ಬಹಳ ಮಟ್ಟಿಗೆ ನೋವಿಲ್ಲ. ಮೊದಲು ಬದಿಯ ನೋಟ ಹೋಗುವದು. ಚೌಕಟ್ಟಿಗೆ ತಗಲುತ್ತಿದ್ದ ಎಡಭುಜದ ಅರ್ಥವು ನಮಗೆ ಆ ಕ್ಷಣದಲ್ಲಿ ತಿಳಿಯಿತು. ಮೋತಿಬಿಂದುವೆಂದರೆ ಕಿಟಕಿಯ ಗಾಜು ಮಸುಕಾದಂತೆ, ಗಾಜನ್ನು ಬದಲಿಸಬಹುದು. ಕಾಚಬಿಂದುವಿನಲ್ಲಿ ಸುದ್ದಿ ಒಯ್ಯುವ ಹಾದಿಯೇ ಹಾಳಾಗುವದು. ಉಳಿದುದನ್ನು ಔಷಧದಿಂದ ಕಾಯಬಹುದಲ್ಲದೆ, ಹೋದುದನ್ನು ತರುವಂತಿಲ್ಲ.

"ಹಣ್ಣಾಗಲಿ" ಎಂಬ ಮಾತಿಗೆ ಹಿಂದೊಮ್ಮೆ ಅರ್ಥವಿತ್ತು. ಆಗ ಮಬ್ಬಾದ ಮಸೂರವನ್ನು ತೆಗೆದು ದಪ್ಪ ಚಾಳೀಸು ಕೊಡುತ್ತಿದ್ದರು; ಆದುದರಿಂದ ದೃಷ್ಟಿಯು ತೀರ ಕುಂದುವವರೆಗೆ ಕಾಯುವದು ರೂಢಿಯಾಗಿತ್ತು. ನಮ್ಮ ಬೀಳಗಿಯಲ್ಲಿ 1916ರಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿಯವರು ಊರೂರಿಗೆ ಶಿಬಿರ ಒಯ್ದು ಲಕ್ಷಾವಧಿ ಬಡವರಿಗೆ ಕಣ್ಣು ಕೊಟ್ಟದ್ದು ಆ ಕಾಲದಲ್ಲಿಯೇ. ಲಂಡನ್ನಿನ ಹೆರಾಲ್ಡ್ ರಿಡ್ಲಿಯವರು 1949ರಲ್ಲಿ ಮೊದಲಬಾರಿಗೆ ಕಣ್ಣಿನೊಳಗೇ ಕೃತಕ ಮಸೂರವನ್ನು ಕೂಡಿಸಿದರು. ಈಗ ಅದೇ ರೂಢಿಯಾಗಿರುವದರಿಂದ ಹಣ್ಣಾಗುವವರೆಗೆ ಕಾಯುವ ಕಾರಣವಿಲ್ಲ. ಮಾತು ಮಾತ್ರ ನಮ್ಮ ಮನೆಗಳಲ್ಲಿ ಉಳಿದಿದೆ.

ಬಲಗಣ್ಣಿನ ಪಟ್ಟಿ ಬಿಚ್ಚಿದ ದಿನ ಅವ್ವ ನಮ್ಮ ಮುಖವನ್ನು ದಿಟ್ಟಿಸಿ, "ತಮ್ಮಾ, ನಿನ್ನ ಕೂದಲಾ ಯಾವಾಗ ಇಷ್ಟು ಬೆಳ್ಳಗಾದವು?" ಎಂದಳು. ಎಡಗಣ್ಣು ಮಾತ್ರ ಮರಳಲಿಲ್ಲ. ಅದಕ್ಕಾಗಿ ಅವಳು ನಮ್ಮನ್ನು ಒಂದು ಮಾತೂ ಅಂದಿಲ್ಲ. ಅಂದಿದ್ದರೆ ನಮಗೆ ತುಸು ಹಗುರಾಗುತ್ತಿತ್ತು. ಬಲಗಣ್ಣಿನ ಒತ್ತಡವೂ ಏರದಂತೆ ಪ್ರತಿರಾತ್ರಿ ಒಂದು ಹನಿ ಔಷಧವನ್ನು ನಾವೇ ಹಾಕುತ್ತೇವೆ. ಈ ರೋಗವು ಒಂದೇ ಮನೆತನದಲ್ಲಿ ಹಲವರಿಗೆ ಬರಬಹುದಾದುದರಿಂದ ಅಣ್ಣತಮ್ಮಂದಿರೂ ಅಕ್ಕತಂಗಿಯರೂ ಪರೀಕ್ಷೆ ಮಾಡಿಸಿಕೊಂಡಿದ್ದೇವೆ.

ಒಳ್ಳೆಯ ಕಣ್ಣು ಕೆಟ್ಟ ಕಣ್ಣಿನ ಕೊರತೆಯನ್ನು ಮುಚ್ಚಿಡುವದು; ಅವ್ವನಿಗೂ ಹಾಗೆಯೇ ಆಗಿತ್ತು. ಆದುದರಿಂದ ವಾಚಕರು ಇಂದು ಸಂಜೆ ತಮ್ಮ ಮನೆಯ ಹಿರಿಯರನ್ನು ಕೂಡಿಸಿಕೊಂಡು, ಒಂದೊಂದೇ ಕಣ್ಣನ್ನು ಅಂಗೈಯಿಂದ ಮುಚ್ಚಿಸಿ, ಎದುರಿನ ಗೋಡೆಯ ಪಂಚಾಂಗವನ್ನು ಓದಿಸಿ ನೋಡಬೇಕು. ಒಂದರಲ್ಲಿ ಕಂಡದ್ದು ಇನ್ನೊಂದರಲ್ಲಿ ಕಾಣದಿದ್ದರೆ ಬರುವ ಸುಗ್ಗಿಯವರೆಗೆ ಕಾಯಬಾರದು. ಸರಿಯಾಗಿ ಓದಿದರೂ ವರ್ಷಕ್ಕೊಮ್ಮೆ ವೈದ್ಯರಿಂದ ಒತ್ತಡವನ್ನು ಅಳೆಯಿಸಬೇಕು. ಬದಿಯ ನೋಟ ಹೋಗುವದನ್ನು ಪಂಚಾಂಗವು ಹೇಳಲಾರದು.