ತಿರುಳಿನ ಗುಟ್ಟು

ಮರೆವು ಮನುಷ್ಯನಿಗೆ ದೌರ್ಬಲ್ಯವಾದರೆ ಯಂತ್ರಕ್ಕೆ ಹುಟ್ಟುಗುಣವೆಂದು ಲೋಕ ನಂಬಿತ್ತು. ಕಂಪ್ಯೂಟರನ್ನು ಆರಿಸಿದೊಡನೆ ಅದರ ಮೆಮೊರಿಯಲ್ಲಿದ್ದುದೆಲ್ಲ ಅಳಿಸಿಹೋಗುವುದೆಂಬುದು ಬಹುಕಾಲದ ಗ್ರಹಿಕೆ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು 2008ರಲ್ಲಿ ಈ ನಂಬಿಕೆಗೆ ಪೆಟ್ಟುಕೊಟ್ಟರು. ಮೆಮೊರಿಯ ಒಂದೊಂದು ಕೋಶವೂ ವಿದ್ಯುತ್ತನ್ನು ತುಂಬಿಟ್ಟ ಪುಟ್ಟ ಕೊಡ; ಆದರೆ ಸೋರುವ ಕೊಡ. ಆದುದರಿಂದಲೇ ಅದನ್ನು ಸೆಕೆಂಡಿಗೆ ಸುಮಾರು 15 ಸಲ ತುಂಬುತ್ತಿರಬೇಕಾಗುತ್ತದೆ. ತುಂಬುವುದು ನಿಂತರೂ ಕೊಡ ತತ್‌ಕ್ಷಣ ಬರಿದಾಗುವುದಿಲ್ಲ. ಧೂಳು ಊದುವ ಸಾಧಾರಣ ಡಬ್ಬಿಯೊಂದನ್ನು ತಲೆಕೆಳಗಾಗಿ ಹಿಡಿದು, ಚಿಮ್ಮಿದ ದ್ರವದಿಂದ ಮೆಮೊರಿಯ ಚಿಪ್ಪನ್ನು −50 ಡಿಗ್ರಿಗೆ ತಣಿಸಿದರಂತೂ ನಿಮಿಷಗಳವರೆಗೆ ತುಂಬಿಯೇ ಇರುತ್ತದೆ. ಅಷ್ಟರಲ್ಲಿ ಅದನ್ನು ಕಿತ್ತು ಇನ್ನೊಂದು ಯಂತ್ರಕ್ಕೆ ಸಿಕ್ಕಿಸಿ ಒಳಗಿನದನ್ನೆಲ್ಲ ಓದಿಕೊಳ್ಳಬಹುದು. ಡಿಸ್ಕಿಗೆ ಹಾಕಿದ ಬೀಗ ಎಷ್ಟು ಭದ್ರವಾದರೇನು? ಯಂತ್ರ ನಡೆಯುತ್ತಿರುವಾಗ ಬೀಗದ ಕೈ ಇರುವುದು ಮೆಮೊರಿಯಲ್ಲಿಯೇ ಅಲ್ಲವೆ?

ಇದಕ್ಕೊಂದು ಪರಿಹಾರವನ್ನು ಎಎಮ್‌ಡಿ ಸಂಸ್ಥೆ ಏಪ್ರಿಲ್ 2016ರಲ್ಲಿ ಪ್ರಕಟಿಸಿತು. ಮೆಮೊರಿಗೆ ಹೋಗುವ ಮಾತು ಪ್ರಾಸೆಸರಿನ ಹೊಸಿಲಲ್ಲಿಯೇ ಎಇಎಸ್ ಎಂಬ ಗೂಢಲಿಪಿಗೆ ತಿರುಗುವುದು. ಮರಳಿ ಬರುವಾಗ ಅದೇ ಹೊಸಿಲಲ್ಲಿ ಬಿಡಿಸಿಕೊಳ್ಳುವುದು. ಅದರ ಕೀಲಿ ಯಂತ್ರ ಎಚ್ಚೆತ್ತಾಗಲೆಲ್ಲ ಹೊಸದಾಗಿ ಹುಟ್ಟುತ್ತದೆ. ಪ್ರಾಸೆಸರಿನೊಳಗೆ ಅಡಗಿರುವ ಮತ್ತೊಂದು ಪುಟ್ಟ ಪ್ರಾಸೆಸರು ಅದನ್ನು ಕಾಯುತ್ತದೆ. ಯಂತ್ರದಲ್ಲಿ ಓಡುವ ಯಾವ ಪ್ರೋಗ್ರಾಮೂ ಅದನ್ನು ಕಾಣಲಾರದು. 2017ರ ಜೂನ್‌ನಲ್ಲಿ ಹೊರಬಂದ ಎಪಿಕ್ ಪ್ರಾಸೆಸರುಗಳಲ್ಲಿ ಈ ಸೌಕರ್ಯ ದೊರೆಯಿತು.

ಯಂತ್ರವೇ ಇಷ್ಟು ಮಾಡಿದ ಮೇಲೆ ಆಪರೇಟಿಂಗ್ ಸಿಸ್ಟಮ್ಮಿಗೆ ಉಳಿದ ಕೆಲಸವೇನು? ಅದರ ಹೃದಯಭಾಗಕ್ಕೆ ಕರ್ನೆಲ್ ಎಂದು ಹೆಸರು. ಕಾಳಿನೊಳಗಿನ ತಿರುಳು ಎಂದರ್ಥ. ಹೆಸರಿಟ್ಟವರು ರಸಿಕರೇ ಸರಿ. ಮೆಮೊರಿಯನ್ನು ಪುಟಪುಟವಾಗಿ ವಿಂಗಡಿಸಿ, ಯಾವ ಪುಟ ಎಲ್ಲಿದೆಯೆಂಬ ಪಟ್ಟಿಯನ್ನು ಕರ್ನೆಲ್ ಇಟ್ಟುಕೊಂಡಿರುತ್ತದೆ. ಮೊದಲ ಎಪಿಕ್‌ಗಳಲ್ಲಿ ಆ ಪಟ್ಟಿಯ ಪ್ರತಿ ನಮೂದಿನ 47ನೆಯ ಬಿಟ್ ಈ ಕಾರ್ಯಕ್ಕೆ ಮೀಸಲು. ಅಲ್ಲಿ 1 ಎಂಬ ಗುರುತಿದ್ದರೆ ಆ ಪುಟ ಗೂಢ, 0 ಇದ್ದರೆ ತೆರೆದದ್ದು. ಈ ಭಾಗ್ಯಕ್ಕಾಗಿ 48 ಬಿಟ್‌ಗಳಷ್ಟು ಉದ್ದವಿದ್ದ ಮೆಮೊರಿಯ ವಿಳಾಸ 43ಕ್ಕೆ ಕುಗ್ಗಬೇಕಾಯಿತು.

ಒಂದು ಗುರುತು ಹಾಕುವುದಕ್ಕೆ ಎಷ್ಟು ಹೊತ್ತು ಬೇಕು? ಎಎಮ್‌ಡಿಯ ಎಂಜಿನಿಯರ್ ಟಾಮ್ ಲೆಂಡಾಕಿಯವರು ಲಿನಕ್ಸ್ ಕರ್ನೆಲಿಗೆ ಬೇಕಾದ ತಿದ್ದುಪಡಿಗಳ ಮೊದಲ ಕರಡನ್ನು ಅದೇ ಏಪ್ರಿಲ್ 2016ರಲ್ಲಿ ಮುಂದಿಟ್ಟರು. ಅವನ್ನೊಳಗೊಂಡ ಲಿನಕ್ಸ್ 4.14 ಬಿಡುಗಡೆಯಾದದ್ದು ನವೆಂಬರ್ 2017ರಲ್ಲಿ. ಒಂದು ಗುರುತಿಗೆ ಒಂದೂವರೆ ವರ್ಷ! ಗುಟ್ಟು ಮಾಡುವುದನ್ನು ಯಂತ್ರ ವಹಿಸಿಕೊಂಡಿತು. ಯಾರೊಡನೆ ಗುಟ್ಟು ಮಾಡಬಾರದು ಎಂಬುದನ್ನು ಅರಿಯುವ ಹೊಣೆ ಕರ್ನೆಲಿನ ತಲೆಗೆ ಬಿತ್ತು. ತುಂಬಿದ ಮನೆಯಲ್ಲಿ ಸಂಸಾರ ನಡೆಸಿದವರಿಗೆ ಇವೆರಡರಲ್ಲಿ ಯಾವುದು ಕಷ್ಟವೆಂದು ಬಿಡಿಸಿ ಹೇಳಬೇಕಾಗಿಲ್ಲ.

ಮೊದಲ ತೊಡಕು ಕರ್ನೆಲ್ ತಾನೇ. ಅದನ್ನು ಮೆಮೊರಿಗೆ ತಂದಿಳಿಸುವ ಬೂಟ್‌ಲೋಡರಿಗೆ ಈ ವಿದ್ಯೆ ತಿಳಿಯದು. ತೆರೆದ ಲಿಪಿಯಲ್ಲಿಯೇ ಇಳಿಸಿ ತನ್ನ ದಾರಿ ಹಿಡಿಯುತ್ತದೆ. ಕಣ್ತೆರೆದ ಕರ್ನೆಲ್ ತಾನು ಮಲಗಿದ್ದಲ್ಲಿಯೇ ತನ್ನನ್ನು ಗೂಢಲಿಪಿಗೆ ತಿರುಗಿಸಿಕೊಳ್ಳಬೇಕು. ಪಟ್ಟಿಯಲ್ಲಿ ಸುಮ್ಮನೆ ಗುರುತು ಹಾಕಿದರೆ ಸಾಲದು. ಹಾಗೆ ಮಾಡಿದರೆ ಪ್ರಾಸೆಸರು ತೆರೆದ ಲಿಪಿಯನ್ನೇ ಗೂಢವೆಂದು ಭಾವಿಸಿ ಬಿಡಿಸಹೋಗುತ್ತದೆ, ದೊರೆಯುವುದು ಕಸ. ಆ ಕಸವನ್ನೇ ಆಜ್ಞೆಯೆಂದು ನಡೆಸಿದರೆ ಯಂತ್ರ ಅಲ್ಲಿಗೇ ಸ್ತಬ್ಧ. ಆದುದರಿಂದ ಒಂದೇ ಕೋಣೆಗೆ ಎರಡು ಬಾಗಿಲುಗಳನ್ನು ತೆರೆಯುತ್ತಾರೆ. ಒಂದು ಬಾಗಿಲಿನಿಂದ ತೆರೆದ ಲಿಪಿಯನ್ನು ಓದಬಹುದು, ಬರೆಯಲಾಗದು. ಇನ್ನೊಂದರಿಂದ ಬರೆದುದೆಲ್ಲ ಗೂಢವಾಗುತ್ತದೆ. ಮೊದಲನೆಯದರಿಂದ ಸಲಕ್ಕೆ 2 ಮೆಗಾಬೈಟಿನಷ್ಟನ್ನು ಹೊರತಂದು ಪಕ್ಕದಲ್ಲಿರಿಸುವುದು, ಎರಡನೆಯದರಿಂದ ಅದೇ ಸ್ಥಾನಕ್ಕೆ ಮರಳಿ ಸೇರಿಸುವುದು. ಈ ಕೆಲಸವನ್ನು ಮಾಡುವ ತುಣುಕೂ ಕರ್ನೆಲಿನ ಒಂದು ಅಂಗವೇ ಆದುದರಿಂದ ಅದನ್ನು ಮೊದಲೇ ಕರ್ನೆಲಿನ ಎಲ್ಲೆಯಾಚೆಗೆ ನಕಲಿಳಿಸಿ, ಅಲ್ಲಿಂದ ನಡೆಸಬೇಕು. ಮನೆಯ ನೆಲವನ್ನೆಲ್ಲ ಕಿತ್ತು ಹೊಸದಾಗಿ ಹಾಸುವ ಗಾರೆಯವನು ಹಿತ್ತಿಲಿನಲ್ಲಿ ನಿಂತೇ ಕೆಲಸ ಮುಗಿಸಬೇಕಾದ ಪರಿಸ್ಥಿತಿ! ಆ ವೇಳೆಯಲ್ಲಿ ದೋಷ ಸಂಭವಿಸಿದರೆ ತಿಳಿಸುವುದಕ್ಕೆ ಪರದೆಯೂ ಸಿದ್ಧವಾಗಿರುವುದಿಲ್ಲ. ಎಂಜಿನಿಯರಿಗೆ ದೊರೆಯುವ ಉತ್ತರವೆಂದರೆ ಕತ್ತಲೆ.

ಮನೆ ಗೂಢವಾದ ಮೇಲೆ ನೆಂಟರಿಷ್ಟರ ಪ್ರಶ್ನೆ. ಯಂತ್ರದ ಜಾತಕದಂತಿರುವ ಕೆಲವು ಪಟ್ಟಿಗಳನ್ನು ಫರ್ಮ್‌ವೇರ್ ತೆರೆದ ಲಿಪಿಯಲ್ಲಿ ಬರೆದಿಟ್ಟಿರುತ್ತದೆ. ಅವನ್ನು ಗುರುತಿಲ್ಲದೆಯೇ ಓದಬೇಕು. ಮೆಮೊರಿಯೊಡನೆ ನೇರವಾಗಿ ವ್ಯವಹರಿಸುವ ಉಪಕರಣಗಳಲ್ಲಿ ಕೆಲವು 32 ಬಿಟ್‌ಗಳ ವಿಳಾಸವನ್ನಷ್ಟೇ ಉಚ್ಚರಿಸಬಲ್ಲವು. 47ನೆಯದು ಅವುಗಳ ನಾಲಗೆಗೆ ಎಟುಕದು. ಅಂಥವುಗಳಿಗಾಗಿ ಕರ್ನೆಲ್ ತೆರೆದ ಮೆಮೊರಿಯ ಒಂದು ಭಾಗವನ್ನು ಬಿಟ್ಟಿರುತ್ತದೆ. ಹಾಲಿನವನೂ ಅಂಚೆಯವನೂ ಜಗಲಿಯ ಮೇಲಿಟ್ಟು ಹೋದುದನ್ನು ಮನೆಯವರು ಒಳಗೆ ತಂದುಕೊಳ್ಳುವುದಿಲ್ಲವೆ? ಹಾಗೆಯೇ ಇದು. ಪ್ರತಿಯೊಂದನ್ನೂ ಎರಡು ಸಲ ಹೊರುವ ಶ್ರಮವಂತೂ ತಪ್ಪದು.

ಇದು ಸ್ವಂತ ಮನೆಯ ಸಂಗತಿ. ಈಗ ಎಷ್ಟೋ ಆಸ್ಪತ್ರೆಗಳ ದಾಖಲೆಗಳು, ಅಂಗಡಿಗಳ ಲೆಕ್ಕಗಳು ಇರುವುದು ಬಾಡಿಗೆಯ ಯಂತ್ರಗಳಲ್ಲಿ. ಒಂದೇ ಯಂತ್ರದಲ್ಲಿ ಹಲವು ಬಿಡಾರಗಳು; ಎಲ್ಲ ಬಿಡಾರಗಳ ಪಟ್ಟಿಯೂ ಮಾಲಿಕನಾದ ಹೈಪರ್‌ವೈಸರ್ ಎಂಬ ಪ್ರೋಗ್ರಾಮಿನ ಕೈಯಲ್ಲಿ. ಬಾಡಿಗೆಗಾರನಿಗೊಂದೊಂದು ಬೇರೆ ಕೀಲಿಯನ್ನು ಕೊಟ್ಟು, ಮಾಲಿಕನಿಗೂ ಓದಲಾಗದಂತೆ ಮಾಡುವ ಎಸ್‌ಇವಿ ಎಂಬ ಮುಂದಿನ ಏರ್ಪಾಡು ಬಾಡಿಗೆಗಾರನ ಕಡೆಯಿಂದ ಲಿನಕ್ಸ್ 4.15ರಲ್ಲಿಯೂ ಮಾಲಿಕನ ಕಡೆಯಿಂದ 4.16ರಲ್ಲಿಯೂ ಸೇರಿತು, ಎರಡೂ 2018ರಲ್ಲಿ. ಅದೇ ವರ್ಷ ಜರ್ಮನಿಯ ಫ್ರಾನ್‌ಹೋಫರ್ ಸಂಸ್ಥೆಯ ಸಂಶೋಧಕರು ಇದರಲ್ಲೊಂದು ಬಿರುಕನ್ನು ತೋರಿಸಿದರು. ದುಷ್ಟನಾದ ಮಾಲಿಕ ಕೀಲಿಯ ಗೊಡವೆಗೇ ಹೋಗುವುದಿಲ್ಲ. ಪಟ್ಟಿಯಲ್ಲಿ ಪುಟಗಳನ್ನು ಅದಲುಬದಲು ಮಾಡುತ್ತಾನೆ, ಅಷ್ಟೆ. ಯಾರೋ ಒಂದು ಸಾರ್ವಜನಿಕ ಕಡತವನ್ನು ಕೇಳುತ್ತಾರೆ. ಬಾಡಿಗೆಗಾರನ ಸರ್ವರ್ ಪಾಪ, ಎಂದಿನ ಸ್ಥಾನಕ್ಕೆ ಕೈಹಾಕುತ್ತದೆ, ಅಲ್ಲಿ ಸಿಕ್ಕ ರಹಸ್ಯದ ಪುಟವನ್ನು ತನ್ನದೇ ಕೀಲಿಯಿಂದ ಬಿಡಿಸಿ, ಕೇಳಿದವರ ಕೈಗೆ ಕೊಟ್ಟುಬಿಡುತ್ತದೆ. ಗೂಢಲಿಪಿ ಭದ್ರವಾಗಿಯೇ ಇತ್ತು, ಕೆಟ್ಟುದು ವಿಶ್ವಾಸ.

ಆ ಮೇಲೆ, ಯಾವ ಪುಟ ಯಾರ ಸ್ವತ್ತು ಎಂಬ ಖಾತೆಯನ್ನು ಯಂತ್ರವೇ ಪರಿಶೀಲಿಸುವ ಏರ್ಪಾಡನ್ನು ಎಎಮ್‌ಡಿ 2020ರಲ್ಲಿ ವಿವರಿಸಿತು. ಲಿನಕ್ಸಿನಲ್ಲಿ ಬಾಡಿಗೆಗಾರನ ಭಾಗ 2022ರ 5.19ರಲ್ಲಿ ಬಂದರೆ, ಮಾಲಿಕನ ಭಾಗಕ್ಕೆ 2024ರ 6.11ರವರೆಗೆ ಕಾಯಬೇಕಾಯಿತು. ಅದೇ 2024ರ ಡಿಸೆಂಬರಿನಲ್ಲಿ ಯುರೋಪಿನ ಕೆಲವರು ಸುಮಾರು 10 ಡಾಲರಿನ ಸಾಮಗ್ರಿಯಿಂದ ಮೆಮೊರಿಯ ಪಟ್ಟಿಯೊಂದಕ್ಕೆ ಸುಳ್ಳು ಕಲಿಸಿದರು: ತನ್ನ ಅಳತೆ ಇದ್ದುದಕ್ಕಿಂತ ಇಮ್ಮಡಿಯೆಂದು ಅದು ಹೇಳಿಕೊಂಡಿತು; ಎರಡು ವಿಳಾಸಗಳು ಒಂದೇ ಕೋಶಕ್ಕೆ ದಾರಿ ತೋರತೊಡಗಿದುವು. ಎಎಮ್‌ಡಿ ಫರ್ಮ್‌ವೇರನ್ನು ತಿದ್ದಿ, ಯಂತ್ರ ಎಚ್ಚೆತ್ತಾಗ ಮೆಮೊರಿಯ ಮಾತನ್ನು ಒರೆಗೆ ಹಚ್ಚಿ ನೋಡುವಂತೆ ಮಾಡಿತು.